ಮಂಚದ ಕೆಳಗಿನ ಬ್ಯಾಟರಿ

ತಮಗೆ ಅಡುಗೆ ಬರುವುದಿಲ್ಲವೆಂದು ಹೇಳಿಕೊಳ್ಳುವ ಗಂಡಸರು ಬೇಕಾದಷ್ಟು ಸಿಗುತ್ತಾರೆ. ಹಾಡಲು ಬರುವುದಿಲ್ಲ, ಈಜಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರೂ ಉಂಟು. ಆದರೆ ಕೆಟ್ಟು ನಿಂತ ಯಂತ್ರದ ಮುಂದೆ ನಿಂತು ‘ನನಗಿದು ತಿಳಿಯದು’ ಎಂದ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ರಸ್ತೆಯಲ್ಲಿ ಒಂದು ಮೋಟಾರು ನಿಂತರೆ ಸಾಕು, ಜೀವಮಾನದಲ್ಲಿ ಎತ್ತಿನ ಗಾಡಿಗೆ ಕೀಲೆಣ್ಣೆ ಬಿಟ್ಟು ಬೇರೇನೂ ಹಾಕದ ನಾಲ್ವರು ಬಂದು ಒಳಗೆ ಇಣುಕುತ್ತಾರೆ, ತಲೆಯಾಡಿಸುತ್ತಾರೆ, ಎಲ್ಲಾದರೂ ಒಂದು ಕಡೆ ಬೆರಳಿನಿಂದ ತಟ್ಟಿ ‘ಇಲ್ಲೇ ಐತೆ ನೋಡ್ರಿ ಐಬು’ ಎನ್ನುತ್ತಾರೆ. ನಾನೂ ಆ ಜಾತಿಯವನೇ. ಒಂದು ಬ್ಯಾಟರಿಯನ್ನು ಆರು ತಿಂಗಳು ಬೆರಳಿನಿಂದ ತಟ್ಟಿದವನು ನಾನು. ಆ ಬ್ಯಾಟರಿ ತುಂಬಲಿಲ್ಲ. ಅದು ತುಂಬದೆ ನನ್ನ ಹೆಂಡತಿ ನನ್ನ ಹತ್ತಿರ ಬರುವ ಹಾಗಿರಲಿಲ್ಲ. ಬ್ಯಾಟರಿಗೂ ಹೆಂಡತಿಗೂ ಎಲ್ಲಿಯ ಸಂಬಂಧ ಎನ್ನುವಿರೇನೋ. ಸ್ವಲ್ಪ ಸಾವಧಾನವಾಗಿ ಹೇಳಬೇಕು.

ಅದು ಯುದ್ಧದ ಕಾಲ. ನಾನು ಆಗ ಆರೋಗ್ಯ ಪ್ರಚಾರಕ. ಊರೂರಿಗೆ ಹೋಗಿ, ಬಿಳಿ ಪರದೆ ಕಟ್ಟಿ, ಗಾಜಿನ ಚಿತ್ರಗಳನ್ನು ತೋರಿಸಿ, ನೀರು ಕಾಯಿಸಿ ಕುಡಿಯಿರಿ, ಮೈ ಚೊಕ್ಕಟವಾಗಿಡಿ, ಮೂಢನಂಬಿಕೆ ಬಿಡಿ ಎಂದು ಭಾಷಣ ಮಾಡುವುದು ನನ್ನ ಕೆಲಸ. ಇದಕ್ಕಾಗಿ ನಮ್ಮ ಕಛೇರಿಯವರು ಒಂದು ಮೋಟಾರು ಕೊಟ್ಟಿದ್ದರು. ಅದು ಸಾಮಾನ್ಯ ಮೋಟಾರಲ್ಲ. ಯಾರೋ ದೊಡ್ಡ ಮನುಷ್ಯರು ಬೇಟೆಗೆ ಹೋದಾಗ ಕಾಡಿನಲ್ಲಿ ಸುಖವಾಗಿ ಇರಲೆಂದು ಮಾಡಿಸಿಕೊಂಡ ವಾಹನ. ಒಳಗೆ ಎರಡು ಮಂಚ, ಮಡಚುವ ಮೇಜು, ನೀರಿನ ತೊಟ್ಟಿ, ಕಿಟಕಿಗೆ ಪರದೆ, ಅಂಗೈಯಗಲದ ಒಂದು ಪಂಖ, ಎಲ್ಲಕ್ಕಿಂತ ಮಿಗಿಲಾಗಿ ಛಾವಣಿಯಲ್ಲಿ ಗಾಜಿನ ಬುರುಡೆಯ ಒಂದು ವಿದ್ಯುದ್ದೀಪ. ಆ ಪುಣ್ಯಾತ್ಮರಿಗೆ ಬೇಟೆ ಬೇಸರವಾಯಿತೋ ಕಾಡಿನ ಹುಲಿ ಮುಗಿದವೋ, ಮೋಟಾರನ್ನು ಸಾರ್ವಜನಿಕ ಹಿತಕ್ಕೆಂದು ದಾನ ಮಾಡಿದರು. ಹುಲಿಗಾಗಿ ಹೊರಟ ವಾಹನ ಸೊಳ್ಳೆಗೆ ಬಂದು ನಿಂತಿತು.

ಅದರಲ್ಲಿ ಎರಡು ಬ್ಯಾಟರಿಗಳು. ಒಂದು ಎಂಜಿನ್ನಿಗೆ, ಇನ್ನೊಂದು ಮನೆಗೆ. ‘ಮನೆ’ ಎನ್ನುವುದು ನನ್ನ ಮಾತು. ಅಂದರೆ ಒಳಗಿನ ದೀಪಕ್ಕೂ ಪಂಖಕ್ಕೂ ಬೇಕಾದ ವಿದ್ಯುತ್ತು ಮಂಚದ ಕೆಳಗಿಟ್ಟ ಎರಡನೆಯ ಬ್ಯಾಟರಿಯಿಂದ ಬರುತ್ತಿತ್ತು. ಎಂಜಿನ್ ತಿರುಗಿದಾಗ ಡೈನಮೋ ತಿರುಗಬೇಕು, ಡೈನಮೋ ತಿರುಗಿದರೆ ಎರಡು ಬ್ಯಾಟರಿಯೂ ತುಂಬಬೇಕು. ಎಂಜಿನ್ನಿನದು ತುಂಬುತ್ತಿತ್ತು. ಮಂಚದ ಕೆಳಗಿನದು ತುಂಬುತ್ತಿರಲಿಲ್ಲ. ತುಂಬುತ್ತಿದೆಯೋ ಇಲ್ಲವೋ ತೋರಿಸಲು ಮಂಚದ ಪಕ್ಕದಲ್ಲಿ ಗಡಿಯಾರದಂಥ ಒಂದು ಮುಳ್ಳಿನ ಡಬ್ಬಿ ಇತ್ತು. ಮೋಟಾರು ಹತ್ತು ಮೈಲಿ ಓಡಿದರೂ ಅದರ ಮುಳ್ಳು ಸೊನ್ನೆಯ ಮೇಲೆ ಕೂತು ಅಲುಗುತ್ತಿರಲಿಲ್ಲ. ಕಛೇರಿಗೆ ಬರೆದೆ. ಮೋಟಾರು ಓಡುತ್ತಿರುವಾಗ ದೀಪದ ಚಿಂತೆ ತಮಗೇಕೆ ಎಂಬರ್ಥದ ಉತ್ತರ ಬಂತು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ನನ್ನ ಚಿತ್ರದ ಲಾಂದ್ರಕ್ಕೆ ಕಾರ್ಬೈಡ್ ಗ್ಯಾಸಿನ ಬೆಳಕು ಸಾಕಾಗುತ್ತಿತ್ತು, ಮಲಗಲು ದೀಪ ಬೇಕಿಲ್ಲ.

ದೀಪ ಬೇಕಾಗಿದ್ದದ್ದು ನನ್ನ ಮಾವನಿಗೆ. ಅವರು ನ್ಯಾಮತಿಯ ಶಾಲೆಯಲ್ಲಿ ಹೆಡ್ ಮೇಷ್ಟ್ರು, ಹೆಸರು ಹಾಲಪ್ಪ. ಮಗಳು ಗಿರಿಜೆಯನ್ನು ನನಗೆ ಕೊಟ್ಟು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ನಾನೂ ಅವಳೂ ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನು ಕೂಡಿಸಿದರೆ ಒಂದು ಮಳೆಗಾಲವೂ ಆಗುತ್ತಿರಲಿಲ್ಲ. ನನಗೆ ಮನೆಯೆಂಬುದಿರಲಿಲ್ಲ. ಇವತ್ತು ಹೊನ್ನಾಳಿ, ನಾಳೆ ಚನ್ನಗಿರಿ, ನಾಡಿದ್ದು ಜಗಳೂರು. ತಂದೆತಾಯಿ ಮೊದಲೇ ತೀರಿಕೊಂಡಿದ್ದರು. ಆದ್ದರಿಂದ ಗಿರಿಜೆ ತವರಿನಲ್ಲೇ ಇದ್ದಳು. ಎರಡು ತಿಂಗಳಿಗೊಮ್ಮೆ ನಾನು ನ್ಯಾಮತಿಗೆ ಹೋಗಿ, ಅಳಿಯನೆಂಬ ಗೌರವಕ್ಕೆ ಪಡಸಾಲೆಯಲ್ಲಿ ಜಮಖಾನದ ಮೇಲೆ ಕೂತು, ಹೋಳಿಗೆ ತಿಂದು, ಒಳಬಾಗಿಲ ಕಡೆ ನೋಡಿ, ಎದ್ದು ಬರುತ್ತಿದ್ದೆ. ಅವಳ ಬಳೆಯ ಸದ್ದು ಕೇಳಿದರೆ ಆ ಸಲದ ಪ್ರಯಾಣ ಸಾರ್ಥಕ.

ಮೋಟಾರು ಕೈಗೆ ಬಂದ ದಿನವೇ ನನ್ನ ತಲೆ ತಿರುಗಿತು. ಎರಡು ಮಂಚ! ಕಿಟಕಿಗೆ ಪರದೆ! ಇದಕ್ಕಿಂತ ದೊಡ್ಡ ಸಂಸಾರ ಯಾವ ಚಕ್ರವರ್ತಿಗೆ ಬೇಕು? ಮೇಲಧಿಕಾರಿಗಳು ಒಳ್ಳೆಯವರು, ಹೆಂಡತಿಯನ್ನು ಜೊತೆಗಿಟ್ಟುಕೊಳ್ಳಲು ಬಾಯಿಮಾತಿನಲ್ಲಿ ಒಪ್ಪಿದರು. ಮೋಟಾರನ್ನು ನೇರ ನ್ಯಾಮತಿಗೆ ಓಡಿಸಿಕೊಂಡು ಹೋಗಿ ಮಾವನ ಮನೆಯ ಮುಂದೆ ನಿಲ್ಲಿಸಿ, “ಮೇಷ್ಟ್ರೇ, ಇಗೋ ನನ್ನ ಮನೆ. ವಿದ್ಯುದ್ದೀಪವೂ ಇದೆ” ಎಂದೆ. ನ್ಯಾಮತಿಯಲ್ಲಿ ಆಗ ಯಾರ ಮನೆಯಲ್ಲೂ ವಿದ್ಯುತ್ತಿರಲಿಲ್ಲ. ಮೇಷ್ಟ್ರು ಪಂಚೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು. ಮಂಚ ಒತ್ತಿ ನೋಡಿದರು, ತೊಟ್ಟಿಯ ನಲ್ಲಿ ತಿರುಗಿಸಿದರು. ಸಂಜೆಗತ್ತಲಾಗಿತ್ತು. “ಎಲ್ಲಿ, ದೀಪ ಹಚ್ಚಿ ನೋಡಾನ” ಎಂದರು. ನಾನು ಗುಂಡಿ ಒತ್ತಿದೆ. ದೀಪ ಹತ್ತಿತು. ಬಾಗಿಲಲ್ಲಿ ನಿಂತಿದ್ದ ಗಿರಿಜೆಯ ಮುಖ ಒಂದು ಕ್ಷಣ ಪೂರ್ತಿ ಕಂಡಿತು. ಆಮೇಲೆ ದೀಪ ಕೆಂಪಾಯಿತು, ಬೀಡಿಯ ಕೆಂಡದಷ್ಟಾಯಿತು, ಹೋಯಿತು.

ನಮ್ಮ ಕಡೆ ದೀಪ ಆರಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮಲಗುವಾಗ ಹೆಂಗಸರು ದೀಪವನ್ನು ‘ಶಾಂತ’ ಮಾಡುತ್ತಾರೆ. ಹಚ್ಚಿದ ದೀಪ ಯಾರೂ ಮುಟ್ಟದೆ ತನ್ನಷ್ಟಕ್ಕೆ ಹೋದರಂತೂ ಮನೆಯ ಹಿರಿಯರು ಎದ್ದು ನಿಲ್ಲುತ್ತಾರೆ. ಹೊಸ ಸಂಸಾರಕ್ಕೆ ಹೆಣ್ಣು ಕಳಿಸುವ ಹೊತ್ತಿನಲ್ಲಿ ಹಾಗಾದರೆ ಮುಗಿದೇ ಹೋಯಿತು. ಮೇಷ್ಟ್ರು ಕತ್ತಲಲ್ಲೇ ಬಾಗಿಲ ಕಡೆ ತಡಕಾಡುತ್ತಾ, “ಹಚ್ಚದೇ ಇದ್ದರೆ ಚಿಂತಿಲ್ಲ ನೋಡ್ರಿ, ಹಚ್ಚಿದ್ದು ಶಾಂತ ಆಗಬಾರದು. ತಾನಾಗೇ ಹೋಗೋ ದೀಪದ ಮನೀಗೆ ಮಗಳನ್ನ ಹೆಂಗೆ ಕಳಿಸಾಕೆ ಆಗತೈತೆ? ಮೊದಲು ಇದನ್ನ ಸರಿ ಮಾಡಿಸ್ರಿ. ಇಲ್ಲಾ, ಒಂದು ಊರಾಗೆ ನೆಲೆಯಾಗಿ ನೌಕರಿ ಹಿಡೀರಿ” ಎಂದು ಇಳಿದು ಹೋದರು. ಮಾತು ಖಂಡಿತವಾಗಿತ್ತು. ಒಂದು ಊರಿನಲ್ಲಿ ನೆಲೆಯಾಗುವ ನೌಕರಿ ಯಾವ ಕಾಲಕ್ಕೋ. ಹಾಗಾಗಿ ನನ್ನ ಸಂಸಾರವೆಲ್ಲ ಮಂಚದ ಕೆಳಗಿನ ಬ್ಯಾಟರಿಯ ಮೇಲೆ ನಿಂತಿತು.

ಇನ್ನು ನನ್ನ ಚಾಲಕ ರುದ್ರಪ್ಪನ ವಿಷಯ. ಬಿಳಿಚೋಡಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ಸ್ನಾನ ಮಾಡಿ ಲಿಂಗಪೂಜೆಯಾಗದೆ ಹ್ಯಾಂಡಲ್ ಮುಟ್ಟುವವನಲ್ಲ. ಎಂಜಿನ್ನು ಅವನಿಗೆ ಚೆನ್ನಾಗಿ ಗೊತ್ತಿತ್ತು. ವಿದ್ಯುತ್ತಿನ ಮಾತು ಬಂದರೆ ಮಾತ್ರ ಎರಡು ಕೈಯನ್ನೂ ಜೋಡಿಸಿಬಿಡುತ್ತಿದ್ದ. “ಕಣ್ಣಿಗೆ ಕಾಣೋದಾದ್ರೆ ರಿಪೇರಿ ಮಾಡಬಹುದು ಸ್ವಾಮೇರ. ಕಾಣದೇ ಇರೋದಕ್ಕೆ ಏನು ಮಾಡಾಕೆ ಬರತೈತೆ?” ಎನ್ನುತ್ತಿದ್ದ. ಇದೊಂದು ವೇದಾಂತ. ನಾನು ವೇದಾಂತಕ್ಕೆ ಬಗ್ಗುವವನಲ್ಲವೆಂದು ಬುರುಡೆ ಬದಲಾಯಿಸಿದೆ. ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿ ಮತ್ತೆ ಸುತ್ತಿದೆ. ಚನ್ನಗಿರಿಯ ಆಸ್ಪತ್ರೆಯ ಕಾಂಪೌಂಡರನೊಬ್ಬ ನನ್ನ ಸ್ನೇಹಿತ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅವನ ಬಳಿ ಇತ್ತು. ಅವನು ಬ್ಯಾಟರಿಯ ಮುಚ್ಚಳ ತೆಗೆದು ಒಳಗೆ ನೋಡಿ, “ನೀರಿನ ಅಂಶ ಇಳಿದೈತೆ ಕಣ್ರಿ. ಹೊತ್ತಿಗೆ ಇಷ್ಟು ಕುಡಿಸ್ರಿ, ಮೂರು ದಿನ ನೋಡಾನ” ಎಂದು ಸೀಸೆಯ ಮೇಲೆ ಕಾಗದದ ಗುರುತು ಅಂಟಿಸಿ ಕೊಟ್ಟ. ಮೂರು ದಿನ ಕುಡಿಸಿದೆವು. ರೋಗಿ ಕುಡಿಯಿತೇ ಹೊರತು ಚೇತರಿಸಿಕೊಳ್ಳಲಿಲ್ಲ.

ಆಮೇಲೆ ನನಗೇ ಒಂದು ಸಿದ್ಧಾಂತ ಹೊಳೆಯಿತು. ಸೂಳೆಕೆರೆಯ ಏರಿಯ ಮೇಲೆ ಹೋಗುವಾಗ ನಾವು ಎತ್ತಿನ ಗಾಡಿಗಳ ಹಿಂದೆ ಅವುಗಳ ಹೆಜ್ಜೆಗೇ ಹೋಗುತ್ತಿದ್ದೆವು. ಸಾಸ್ವೆಹಳ್ಳಿಯ ದಾರಿಯಲ್ಲಿ ಕಂಡವರೆಲ್ಲ ಕೈ ಅಡ್ಡ ಹಿಡಿದು ಎಲ್ಲಿಗೆ, ಯಾಕೆ, ಮಳೆ ಹೆಂಗೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಹೀಗೆ ನಿಧಾನವಾಗಿ ಹೋದರೆ ಡೈನಮೋ ತಾನೆ ಹೇಗೆ ತಿರುಗೀತು? ವೇಗ ಬೇಕು. ಜಗಳೂರಿನ ಕಡೆ ನೆಲ ಬಯಲು, ರಸ್ತೆ ನೆಟ್ಟಗೆ, ಕುರಿಮಂದೆ ಬಿಟ್ಟರೆ ಅಡ್ಡ ಬರುವವರಿಲ್ಲ. ಅಲ್ಲಿ ರುದ್ರಪ್ಪನಿಗೆ ಜೋರಾಗಿ ಬಿಡೆಂದೆ. ಜೋರಾಗಿ ಬಿಟ್ಟ. ನಾನು ಹಿಂದೆ ಮಂಚದ ಕಾಲು ತಬ್ಬಿಕೊಂಡು ಮುಳ್ಳನ್ನೇ ನೋಡುತ್ತಾ ಕೂತೆ. ಗಾಜಿನ ಚಿತ್ರಗಳಲ್ಲಿ ಎರಡು ಒಡೆದವು, ಒಂದು ಕಾಲರಾದ್ದು, ಒಂದು ಹಲ್ಲುಜ್ಜುವುದರದು. ಮುಳ್ಳು ಸೊನ್ನೆಯ ಮೇಲೆಯೇ ಇತ್ತು.

ಈ ಎಲ್ಲ ಸಮಾಚಾರವನ್ನೂ ಗಿರಿಜೆಗೆ ಬರೆಯುತ್ತಿದ್ದೆ. ಬೇರೇನು ಬರೆಯುವ ಹಾಗಿತ್ತು? ಆ ಕಾಲದಲ್ಲಿ ಹೆಂಡತಿಗೆ ಬರೆದ ಕಾಗದ ಮಾವನಿಗೆ ಬರೆದ ಹಾಗೆಯೇ. ಅಂಚೆಯವನು ಕೊಟ್ಟ ಕಾಗದವನ್ನು ಮೇಷ್ಟ್ರು ಪಡಸಾಲೆಯಲ್ಲಿ ಕನ್ನಡಕ ಏರಿಸಿಕೊಂಡು, ಮನೆಮಂದಿಯೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ನನ್ನ ಒತ್ತಕ್ಷರದ ತಪ್ಪುಗಳಿಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದರೆಂದೂ ಆಮೇಲೆ ತಿಳಿಯಿತು. ‘ನಿನ್ನನ್ನು ನೋಡಬೇಕೆನಿಸುತ್ತದೆ’ ಎಂದು ಬರೆದು ಅದಕ್ಕೊಂದು ಕೆಂಪು ಗೆರೆ ಎಳೆಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಬ್ಯಾಟರಿಯ ವಿಷಯ ಬರೆದೆ. ಈ ದಿನ ತಂತಿ ಬಿಗಿ ಮಾಡಿದೆ, ಮುಳ್ಳು ಏಳಲಿಲ್ಲ. ಈ ದಿನ ನೀರು ಹಾಕಿದೆ, ಮುಳ್ಳು ಏಳಲಿಲ್ಲ. ಅವಳ ಉತ್ತರವೂ ಅಷ್ಟೇ: ಮುಳ್ಳು ಎದ್ದಿತೇ? ಇದರಲ್ಲಿ ಗುಟ್ಟಿನ ಅರ್ಥವೇನೂ ಇರಲಿಲ್ಲ, ಬರೆದದ್ದೆಲ್ಲ ಬ್ಯಾಟರಿಯ ವಿಷಯವೇ. ಆದರೆ ಮರದ ಕೆಳಗೆ ಮೋಟಾರು ನಿಲ್ಲಿಸಿ ಆ ನಾಲ್ಕು ಸಾಲು ಓದುವಾಗ ನನಗೆ ಕಣ್ಣು ತುಂಬಿ ಬರುತ್ತಿತ್ತು. ಎದುರಿಗೆ ಖಾಲಿ ಮಂಚ. ಅದರ ಮೇಲೆ ನಾನು ಯಾವತ್ತೂ ಮಲಗಲಿಲ್ಲ, ಸಾಮಾನನ್ನೂ ಇಡಲಿಲ್ಲ.

ಇಷ್ಟರಲ್ಲಿ ಒಂದು ಪವಾಡ ನಡೆಯಿತು. ಒಂದು ಬೆಳಗ್ಗೆ ರುದ್ರಪ್ಪ ಮಂಚದ ಹಲಗೆ ಎತ್ತಿ ನನ್ನನ್ನು ಕೂಗಿದ. ಬ್ಯಾಟರಿಯ ತಲೆಯ ಮೇಲೆ ತಂತಿ ಕಟ್ಟುವ ಎರಡು ಸೀಸದ ಗೂಟಗಳಿರುತ್ತವಲ್ಲ, ಅವುಗಳ ಸುತ್ತ ಬೆಳ್ಳಗೆ ನುಣ್ಣನೆಯ ಪುಡಿ ಕಟ್ಟಿತ್ತು. ನಾನು ಹಿಂದೆಯೂ ಅದನ್ನು ನೋಡಿದ್ದೆ, ಧೂಳೆಂದುಕೊಂಡಿದ್ದೆ. ರುದ್ರಪ್ಪ ಹಾಗೆ ಎಂದುಕೊಂಡಿರಲಿಲ್ಲ. “ಒಂದು ತಿಂಗಳಿಂದ ನೋಡಾಕತ್ತೀನಿ ಸ್ವಾಮೇರ. ನಾನು ಹಚ್ಚಿಲ್ಲ, ನೀವು ಹಚ್ಚಿಲ್ಲ. ವಿಭೂತಿ ತಾನಾಗೇ ಹುಟ್ಟೈತೆ. ದಿನಾ ಒಂದೀಟು ಬೆಳೀತೈತೆ” ಎಂದ. ಅವನು ಅದನ್ನು ಕೈಯಿಂದ ಮುಟ್ಟಿರಲಿಲ್ಲ, ಒರೆಸಿರಲಿಲ್ಲ. ಪಕ್ಕದಲ್ಲಿ ಎರಡು ಕಣಗಲೆ ಹೂ ಇಟ್ಟಿದ್ದ. ಬಿಳಿಚೋಡಿಗೆ ಹೋದಾಗ ಅವನ ತಾಯಿಯನ್ನು ಕರೆದುತಂದು ತೋರಿಸಿದ. ಆ ಮುದುಕಿ ಮೋಟಾರಿನ ಮೆಟ್ಟಿಲಿಗೆ ಹಣೆ ಹಚ್ಚಿ, ಒಳಗೆ ಬಂದು, ಮೂರು ಬೆರಳಲ್ಲಿ ಪುಡಿ ತೆಗೆದು ಮಗನ ಹಣೆಗೆ ಬಳಿದು, “ನೀವೂ ಹಚ್ಚಿಕೊಳ್ರಿ ಯಪ್ಪಾ, ನಿಮ್ಮ ಮನೀದು ದೀಪ ಹತ್ತತೈತೆ” ಎಂದಳು.

ನನ್ನ ಪೆಟ್ಟಿಗೆಯಲ್ಲಿ ಮೂಢನಂಬಿಕೆಯ ಮೇಲೆ ಹನ್ನೆರಡು ಗಾಜಿನ ಚಿತ್ರಗಳಿದ್ದವು. ಹನ್ನೆರಡಕ್ಕೂ ವಿವರಣೆ ನನಗೆ ಬಾಯಿಪಾಠ. ಆದರೂ ಹಣೆ ಒಡ್ಡಿದೆ. ದೀಪ ಹತ್ತುತ್ತದೆ ಎಂದಳಲ್ಲ; ಆ ಹೊತ್ತಿನಲ್ಲಿ ಸೂಳೆಕೆರೆಯಲ್ಲಿ ಮುಳುಗಿದರೆ ದೀಪ ಹತ್ತುತ್ತದೆ ಎಂದಿದ್ದರೆ ಮುಳುಗಿಯೂ ಬಿಡುತ್ತಿದ್ದೆ. ಮೂರು ಗೆರೆ ಎಳೆದಳು. ಗಳಿಗೆಯೊಳಗೆ ಹಣೆ ತುರಿಸಲು ಶುರುವಾಯಿತು, ಆಮೇಲೆ ಉರಿಯಿತು. ರುದ್ರಪ್ಪ “ಶಕ್ತಿ ಐತೆ” ಎಂದು ಹಲ್ಲು ಕಚ್ಚಿ ಕೂತ. ನಾನೂ ಕೂತೆ. ಮಾರನೆಯ ದಿನ ಜಗಳೂರಿನಲ್ಲಿ ನನ್ನ ಭಾಷಣ: ಚರ್ಮದ ಆರೋಗ್ಯ. ಹಣೆಯ ಮೇಲೆ ಕೆಂಪಗೆ ಮೂರು ಸುಟ್ಟ ಗೆರೆ ಹೊತ್ತುಕೊಂಡು ಪರದೆಯ ಪಕ್ಕದಲ್ಲಿ ನಿಂತೆ. ಮುಂದೆ ಕೂತಿದ್ದ ಹಿರಿಯರೊಬ್ಬರು, “ಸ್ವಾಮೇರ, ನಿಮ್ಮ ಹಣೆಗೆ ಏನಾತ್ರಿ? ಮೊದಲು ಅದಕ್ಕೆ ಮದ್ದು ಹೇಳ್ರಿ, ಆಮ್ಯಾಲೆ ನಮಗೆ ಹೇಳುವಿರಂತೆ” ಎಂದರು. ಸಭೆಗೆ ಅವತ್ತು ಬಹಳ ಸಂತೋಷವಾಯಿತು.

ಇದನ್ನೂ ಗಿರಿಜೆಗೆ ಬರೆದೆ, ಹಣೆ ಸುಟ್ಟದ್ದನ್ನೂ ಬಿಡಲಿಲ್ಲ. ವಾರದೊಳಗೆ ಉತ್ತರ ಬಂತು. ಅವಳ ಕಾಗದಗಳಲ್ಲಿ ಅದೇ ಉದ್ದದ್ದು. ‘ಆ ಪುಡಿಯ ಅಂಚು ಹಸಿರಾಗಿದೆಯೇ ನೋಡಿ. ಹಸಿರಾಗಿದ್ದರೆ ಅದು ವಿಭೂತಿ ಅಲ್ಲ, ಕಿಲುಬು. ನಮ್ಮ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಉಳಿದರೆ ಹೀಗೇ ಏರುತ್ತದೆ. ಕಿಲುಬು ಹಿಡಿದ ಪಾತ್ರೆಯಲ್ಲಿ ಅಡುಗೆ ಕೆಡುತ್ತದೆ, ನಿಮ್ಮ ಕರೆಂಟು ಹೇಗೆ ಕೆಡದೆ ಇದ್ದೀತು? ಒಲೆಯ ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಬೆಳಗಿರಿ. ಹಣೆಗೆ ಬೆಣ್ಣೆ ಹಚ್ಚಿರಿ.’ ಕೊನೆಯ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೆಂದು ಹೇಳಲಾರೆ. ಅದನ್ನು ಅವಳು ಅಪ್ಪನ ಕಣ್ಣೆದುರಿಗೇ ಬರೆದಿದ್ದಳು.

ಹಲಗೆ ಎತ್ತಿ ನೋಡಿದರೆ ಅಂಚು ಹಸಿರಾಗಿಯೇ ಇತ್ತು. ರುದ್ರಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು. ಕೊನೆಗೆ ಅವನೇ ಯೋಚನೆ ಮಾಡಿ, “ತಿಕ್ಕಾಕೆ ಬೂದಿ ಅಂದ್ರೇನ್ರಿ? ಬೂದೀನೂ ಶಿವನದೇ ಅಲ್ಲೇನ್ರಿ?” ಎಂದು ದಾರಿ ಕಂಡುಕೊಂಡ. ಬೂದಿ ಒದ್ದೆ ಮಾಡಿ ಹಚ್ಚಿದ್ದೇ ತಡ ಬುಸುಬುಸು ನೊರೆ ಬಂತು. ಇಬ್ಬರೂ ಹಿಂದಕ್ಕೆ ಹಾರಿದೆವು. ನೊರೆ ಇಳಿದ ಮೇಲೆ ತಿಕ್ಕಿದೆವು. ಒಳಗೆ ಸೀಸ ಬೆಳ್ಳಿಯ ಹಾಗೆ ಹೊಳೆಯಿತು. ತಂತಿ ಬಿಗಿದು ರುದ್ರಪ್ಪ ಎಂಜಿನ್ ಎಬ್ಬಿಸಿದ. ಮುಳ್ಳು ಎದ್ದು ನಿಂತಿತು. ಆರು ತಿಂಗಳ ಮೇಲೆ ಎದ್ದು ನಿಂತಿತು! ನಾನು ಓಡಿ ಹೋಗಿ ರುದ್ರಪ್ಪನನ್ನು ತಬ್ಬಿಕೊಂಡೆ. ಅವನಿಗೆ ನಾಚಿಕೆಯಾಯಿತು.

ದಸರೆಯ ರಜೆಗೆ ನ್ಯಾಮತಿಗೆ ಹೋದೆವು. ಮೇಷ್ಟ್ರು ಮೋಟಾರು ಹತ್ತಿ, ಮಂಚದ ಮೇಲೆ ಪದ್ಮಾಸನ ಹಾಕಿ ಕೂತು, ಗುಂಡಿ ತಾವೇ ಒತ್ತಿದರು. ದೀಪ ಹತ್ತಿತು. ಅವರು ದಿನಪತ್ರಿಕೆ ಬಿಡಿಸಿದರು. ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಿದರು. ದೀಪ ಕದಲಲಿಲ್ಲ. ಪಂಖ ಹಾಕಿಸಿಕೊಂಡರು, ಅದೂ ತಿರುಗಿತು. ಇಳಿದು ಬಂದು ಹೇಳಿದರು: “ಒಂದು ಸಂಜೆ ಹತ್ತಿದ್ದು ಮಾತಲ್ಲ. ನಂದೂ ರಜಾ ಐತೆ. ನಾನೂ ಗಿರಿಜೀನೂ ನಿಮ್ಮ ಜೋಡಿ ಜಗಳೂರು ತನಕ ಬರತೀವಿ. ಜಗಳೂರು ಮುಟ್ಟೋ ತನಕ ದೀಪ ಶಾಂತ ಆಗದಂಗೆ ಇದ್ರೆ ಮಗಳನ್ನ ಅಲ್ಲೇ ಬಿಟ್ಟು ನಾನು ಬಸ್ಸು ಹತ್ತತೀನಿ.” ಬೇಡವೆನ್ನಲು ನಾನು ಯಾರು? ಎಂಟು ದಿನದ ಮಾತು. ಮೂರು ವರ್ಷ ಕಳೆದವನಿಗೆ ಎಂಟು ದಿನ ಯಾವ ಲೆಕ್ಕ ಎಂದುಕೊಂಡೆ.

ಮೂರು ವರ್ಷಕ್ಕಿಂತ ಎಂಟು ದಿನ ಉದ್ದ ಎಂಬುದು ಹೊನ್ನಾಳಿಯಲ್ಲೇ ತಿಳಿಯಿತು. ಒಂದು ಮಂಚದ ಮೇಲೆ ಮಾವ, ಇನ್ನೊಂದರ ಮೇಲೆ ಮಗಳು. ನಾನೂ ರುದ್ರಪ್ಪನೂ ಊರ ಚಾವಡಿಯಲ್ಲಿ. ಹಗಲೆಲ್ಲ ಮೇಷ್ಟ್ರು ನನಗೂ ಅವಳಿಗೂ ನಡುವೆ ಕೂತು ದಾರಿಯ ಊರುಗಳ ಸ್ಥಳಪುರಾಣ ಹೇಳುತ್ತಿದ್ದರು. ಸಾಸ್ವೆಹಳ್ಳಿಯಲ್ಲಿ ಹೊಳೆಗೆ ನೀರು ತರಲು ಅವಳು ಹೋದರೆ ಅವರೂ ಹೋದರು. ಸಂಜೆ ದೀಪ ಹತ್ತಿದರೆ ಅದರ ಕೆಳಗಿಂದ ಏಳುತ್ತಿರಲಿಲ್ಲ. ಅವರನ್ನು ಏನೆನ್ನಲಿ! ಜೀವಮಾನವೆಲ್ಲ ಹರಳೆಣ್ಣೆ ದೀಪದಲ್ಲಿ ಮಕ್ಕಳ ಕಾಪಿ ತಿದ್ದಿ ಕಣ್ಣು ಸವೆಸಿಕೊಂಡವರಿಗೆ ಆ ಬೆಳಕು ಸಿಕ್ಕಿತ್ತು.

ಗಿರಿಜೆಯೂ ನಾನೂ ಒಟ್ಟಿಗೆ ಇರುತ್ತಿದ್ದದ್ದು ಬೆಳಗಿನ ಐದು ನಿಮಿಷ. ಮೇಷ್ಟ್ರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವಳು ಹಲಗೆ ಎತ್ತಿ, ಸೆರಗು ಸಿಕ್ಕಿಸಿ, ಬ್ಯಾಟರಿಯ ಗೂಟಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ನಾನು ಸ್ಪ್ಯಾನರ್ ಹಿಡಿದು ತಂತಿ ಬಿಚ್ಚಿಕೊಡಬೇಕು, ತಿಕ್ಕಿದ ಮೇಲೆ ಬಿಗಿಯಬೇಕು. ದಿನಾ ತಿಕ್ಕುವ ಅಗತ್ಯವಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿದ್ದಿರಬೇಕು. ನಾನೇನಾದರೂ ಹೇಳಹೊರಟರೆ “ಇನ್ನು ಐದು ದಿನ, ಸುಮ್ಮನಿರ್ರಿ”, ಮರುದಿನ “ಇನ್ನು ನಾಲ್ಕು ದಿನ” ಎನ್ನುತ್ತಿದ್ದಳು. ಚನ್ನಗಿರಿಯಲ್ಲಿ ಒಂದು ಬೆಳಗ್ಗೆ ಬೂದಿಯ ಕೈಯಿಂದ ನನ್ನ ಹಣೆಯ ಕಲೆ ಮುಟ್ಟಿ, “ಬೆಣ್ಣೆ ಹಚ್ಚಿದ್ರೇನ್ರಿ?” ಎಂದು ಕೇಳಿದಳು. ಹಚ್ಚಿರಲಿಲ್ಲ. ಹಚ್ಚಿದೆನೆಂದೆ. ಅದರ ಮೇಲೆ ನನಗೆ ಆ ದಿನದ ಭಾಷಣದಲ್ಲಿ ಒಂದು ಮಾತೂ ನೆನಪಾಗಲಿಲ್ಲ.

ಏಳನೆಯ ದಿನ ಬಿಳಿಚೋಡಿನಲ್ಲಿ ನಿಂತೆವು. ಮಾರನೆಯ ದಿನ ಜಗಳೂರು. ಒಂದೇ ದಿನ ತಡೆದಿದ್ದರೆ ಸಾಕಿತ್ತು; ನನ್ನಿಂದಾಗಲಿಲ್ಲ. ಮೇಷ್ಟ್ರು ರುದ್ರಪ್ಪನ ಮನೆಗೆ ಮಾತಾಡಲು ಹೋಗಿದ್ದರು. ಗಿರಿಜೆ ಅಲ್ಲೇ ಅಡುಗೆಯಲ್ಲಿದ್ದಳು. ನಾನೊಬ್ಬನೇ ಮೋಟಾರಿನಲ್ಲಿ ಕೂತು ಒಂದು ಯುಕ್ತಿ ಮಾಡಿದೆ. ಮೇಷ್ಟ್ರೇ ಹೇಳಿರಲಿಲ್ಲವೇ, ಹಚ್ಚದಿದ್ದರೆ ಚಿಂತಿಲ್ಲ, ಹಚ್ಚಿದ್ದು ಹೋಗಬಾರದು ಎಂದು? ಹಾಗಾದರೆ ಇವತ್ತು ದೀಪ ಹತ್ತುವುದೇ ಬೇಡ. ಹತ್ತದಿದ್ದರೆ ಅಪಶಕುನವಿಲ್ಲ. ಮೇಷ್ಟ್ರು ಸಂಜೆಯ ಪೂಜೆಗೆ ರುದ್ರಪ್ಪನ ಮನೆಯ ಎಣ್ಣೆದೀಪಕ್ಕೆ ಹೋಗುತ್ತಾರೆ. ಗಿರಿಜೆ ಹಾಸಿಗೆ ಬಿಡಿಸಲು ಇಲ್ಲಿಗೆ ಬರುತ್ತಾಳೆ. ಮೆಟ್ಟಿಲ ಮೇಲೆ ಅರ್ಧ ಗಂಟೆ ಇಬ್ಬರೂ ಕೂತು ಮಾತಾಡಬಹುದು. ಬರೀ ಮಾತು, ಅಷ್ಟೇ. ಆಮೇಲೆ ಬಿಗಿಮಾಡಿದರಾಯಿತು. ಹಲಗೆ ಎತ್ತಿ ಸ್ಪ್ಯಾನರ್ ಹಾಕಿ ಒಂದು ತಂತಿಯನ್ನು ಸಡಿಲಿಸಿದೆ. ಯಾರದೋ ಹೆಜ್ಜೆ ಕೇಳಿದಂತಾಗಿ ಅರ್ಧ ಸುತ್ತಿಗೇ ಬಿಟ್ಟು ಹಲಗೆ ಮುಚ್ಚಿದೆ.

ಪೂರ್ತಿ ಸಡಿಲಿಸಿದ್ದರೆ ದೀಪ ಹತ್ತುತ್ತಲೇ ಇರಲಿಲ್ಲ. ಅರ್ಧ ಸುತ್ತಿಗೆ ತಂತಿ ಇನ್ನೂ ಗೂಟಕ್ಕೆ ತಾಗಿಕೊಂಡೇ ಇತ್ತು. ಸಂಜೆ ಮೇಷ್ಟ್ರು ಬಂದು ಗುಂಡಿ ಒತ್ತಿದರು, ದೀಪ ಜಗ್ಗೆಂದು ಹತ್ತಿತು. ಅವರು ಮಂಚದ ಮೇಲೆ ಕೂತು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ತೊಡಗಿದರು. ಹೊರಗೆ ನಾನು ದೀಪವನ್ನೇ ನೋಡುತ್ತಾ ನಿಂತಿದ್ದೆ. ಗಿರಿಜೆ ಹೂವು ತಂದು ಬಾಗಿಲಲ್ಲಿ ನಿಂತಿದ್ದಳು. ರುದ್ರಪ್ಪ ನೀರು ಕೊಡಲೆಂದು ಭಕ್ತಿಯಿಂದ ಮೆಟ್ಟಿಲು ಹತ್ತಿದ. ಅವನು ಭಾರದ ಮನುಷ್ಯ. ಮೋಟಾರು ಒಂದು ಸಲ ಆ ಕಡೆ ವಾಲಿತು. ದೀಪ ಹೋಯಿತು.

ನಾನು ನುಗ್ಗಿ ಹಲಗೆ ಎತ್ತಿ ಕತ್ತಲಲ್ಲೇ ತಂತಿ ಅದುಮಿದೆ. ದೀಪ ಮತ್ತೆ ಹತ್ತಿತು. “ಹತ್ತಿತಲ್ರೀ ಮೇಷ್ಟ್ರೇ, ನೋಡ್ರಿ!” ಎಂದು ರುದ್ರಪ್ಪ ಕೂಗಿದ. ಮೇಷ್ಟ್ರು ಲಿಂಗದ ಮೇಲಿಂದ ಕಣ್ಣು ತೆಗೆಯದೆ ಪೂಜೆ ಮುಗಿಸಿ, ಲಿಂಗವನ್ನು ಕಟ್ಟಿಕೊಂಡು, “ಕೈಯಾಗೆ ಲಿಂಗ ಇದ್ದಾಗ ಶಾಂತ ಆತು. ಇನ್ನು ಮಾತು ಬ್ಯಾಡ” ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅಲ್ಲಿಯೇ ನಿಜ ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಆದರೆ ದೀಪ ತಾನಾಗಿ ಹೋದರೇ ಮಗಳನ್ನು ಕಳಿಸದವರು, ಅಳಿಯನೇ ಕೈಯಾರೆ ತೆಗೆದನೆಂದರೆ ಇನ್ನು ಈ ಜನ್ಮದಲ್ಲಿ ಕಳಿಸಿಯಾರೇ ಎಂದು ಹೆದರಿ ಸುಮ್ಮನಾದೆ. ಮಾರನೆಯ ಬೆಳಗ್ಗೆ ಜಗಳೂರಿನಲ್ಲಿ ಇದ್ದಿಲು ಸುಟ್ಟ ಗ್ಯಾಸಿನಿಂದ ಓಡುವ ಬಸ್ಸು ಹೊಗೆಯಾಡುತ್ತಾ ನಿಂತಿತ್ತು. ಗಿರಿಜೆ ಹತ್ತುವ ಮೊದಲು ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು. “ನಿನ್ನೆ ಬೆಳಿಗ್ಗೆ ಗಡಿಬಿಡಿಯಾಗೆ ನಾನು ಸರಿಯಾಗಿ ತಿಕ್ಕಲಿಲ್ಲ ಕಣ್ರಿ. ನನ್ನಿಂದ ಹಿಂಗಾತು” ಎಂದಳು. ನಾನು ಬಾಯಿ ತೆರೆದೆ. ಬಸ್ಸು ಹೊರಟಿತು.

ಹೊನ್ನಾಳಿಯಲ್ಲಿ ನನಗೆ ನೆಲೆಯಾದ ನೌಕರಿ ಸಿಕ್ಕಿ, ಎರಡು ಕೋಣೆಯ ಮನೆ ಹಿಡಿದು ಅವಳನ್ನು ಕರೆತರುವಷ್ಟರಲ್ಲಿ ಮತ್ತೆ ಎರಡು ವರ್ಷ ಹೋಯಿತು. ಆ ಎರಡು ವರ್ಷವನ್ನು ನಾನು ಹೇಗೆ ಕಳೆದೆನೆಂಬುದನ್ನು ಬರೆಯಲಾರೆ. ಬೆಳಗಾದರೆ ಹಲಗೆ ಎತ್ತಿ ಬ್ಯಾಟರಿ ತಿಕ್ಕುತ್ತಿದ್ದೆ, ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಆಮೇಲೆ ನಲವತ್ತು ವರ್ಷ ಒಟ್ಟಿಗೆ ಬಾಳಿದೆವು. ನಾಲ್ಕು ಮಕ್ಕಳಾದರು, ಊರಿಗೆ ಕರೆಂಟು ಬಂತು, ಮೇಷ್ಟ್ರು ಕಾಲವಾದರು. ನಿಜ ಹೇಳಲು ಎಷ್ಟು ಅವಕಾಶವಿತ್ತು! ಮೊದಲು ಮಾವನ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿಯಾಳೆಂಬ ಹೆದರಿಕೆ. ಮನೆಯ ದೀಪ ಸ್ವಲ್ಪ ಮಂಕಾದರೆ ಸಾಕು, ಅವಳು ಕೆಲಸ ಬಿಟ್ಟು ಮೇಲೆ ನೋಡಿ, “ಅವತ್ತು ಬಿಳಿಚೋಡಿನಾಗೆ ಇನ್ನೊಂದೀಟು ತಿಕ್ಕಿದ್ರೆ ಎರಡು ವರ್ಷ ಉಳೀತಿತ್ತು ನೋಡ್ರಿ” ಎನ್ನುತ್ತಿದ್ದಳು. ಹೋದ ವರ್ಷ ಕೊನೆಯ ಸಲ ಆಸ್ಪತ್ರೆಗೆ ಹೋಗುವ ಮೊದಲೂ ಅಂದಳು. ಆಗೆಲ್ಲ ನಾನು ದೊಡ್ಡ ಮನಸ್ಸು ಮಾಡಿ, “ಹೋಗಲಿ ಬಿಡು ಗಿರಿಜಾ, ಮನುಷ್ಯರು ಅಂದಮೇಲೆ ತಪ್ಪಾಗುತ್ತೆ” ಎಂದು ಅವಳನ್ನು ಕ್ಷಮಿಸುತ್ತಿದ್ದೆ.